ಬೇಡ ಅಂದರೆ ಎಷ್ಟು ಸಲ ಬೇಡ?

ದೊಡ್ಡಮ್ಮ ಇರುವ ಹಿರಿಯರ ಮನೆಯ ಊಟದ ಹಾಳೆಯಲ್ಲಿ ಅವರ ಹೆಸರಿನ ಎದುರು ‘ಆರ್’ ಅಂತ ಬರೆದಿದೆ. ರೆಫ್ಯೂಸ್ಡ್; ಊಟ ಬೇಡ ಅಂದರು ಅಂತ ಲೆಕ್ಕ. ನಾನು ಪಕ್ಕದಲ್ಲೇ ಕೂತಿದ್ದೆ. ನಡೆದದ್ದು ಇಷ್ಟು. ಆಯಾ ಅನ್ನದ ಪಾತ್ರೆ ತಂದರು. ದೊಡ್ಡಮ್ಮ ತಟ್ಟೆಗೆ ಅಂಗೈ ಅಡ್ಡ ಹಿಡಿದು “ಬೇಡಮ್ಮ, ಸಾಕು” ಅಂದರು. ಆಯಾ “ಸರಿ ಅಜ್ಜಿ” ಅಂದು ಮುಂದಿನ ಟೇಬಲಿಗೆ ಹೋದರು. ದೊಡ್ಡಮ್ಮ ಕೈ ತೆಗೆದು ಖಾಲಿ ತಟ್ಟೆ ನೋಡಿದರು, ಆಮೇಲೆ ದೂರ ಹೋಗುತ್ತಿದ್ದ ಪಾತ್ರೆ ನೋಡಿದರು.

ನಮ್ಮ ಕಡೆ ಮೊದಲ ‘ಬೇಡ’ ಉತ್ತರವೇ ಅಲ್ಲ, ಮಾತು ಶುರುವಾಗುವ ಬಗೆ. ಮದುವೆ ಮನೆಯ ಪಂಕ್ತಿಯಲ್ಲಿ ಕೂತವರಿಗೆಲ್ಲ ಇದು ಗೊತ್ತು. ಬಡಿಸುವವನು ಕೈ ಮುಂದೆ ಚಾಚುತ್ತಾನೆ, ಉಣ್ಣುವವನು ಎಲೆಯ ಮೇಲೆ ಬಾಗಿ ಎರಡೂ ಕೈ ಅಡ್ಡ ಇಡುತ್ತಾನೆ, “ಒಂದೇ ಒಂದು” ಅಂತ ಇವನು, “ಖಂಡಿತ ಆಗಲ್ಲ” ಅಂತ ಅವನು, ಕೊನೆಗೆ ಬೆರಳ ಸಂದಿಯಲ್ಲಿ ಹೋಳಿಗೆ ಇಳಿದಿರುತ್ತದೆ. ಅನ್ನಕ್ಕೆ ಎರಡನೆಯ ಬೇಡವನ್ನು ನಂಬಬಹುದು, ಸಿಹಿಗೆ ಮೂರನೆಯದನ್ನು. ತುಪ್ಪಕ್ಕೆ ಯಾರೂ ಕೇಳುವುದೇ ಇಲ್ಲ. ಕೇಳಿದ ಕೂಡಲೇ “ಹಾಕಿ” ಅನ್ನುವುದು ಊಟ ಕಾಣದವರ ಲಕ್ಷಣ ಅಂತ ದೊಡ್ಡಮ್ಮನಿಗೆ ಏಳೆಂಟು ವರ್ಷಕ್ಕೇ ಕಣ್ಣಲ್ಲಿ ಗದರಿಸಿ ಕಲಿಸಿದ್ದಾರೆ. ಮೊಮ್ಮಕ್ಕಳ ಹೆಸರು ಮರೆತಿರುವ ದೊಡ್ಡಮ್ಮ ಇದನ್ನು ಮಾತ್ರ ಮರೆತಿಲ್ಲ.

ಹಾಗಾದರೆ ಆ ಹಾಳೆಯಲ್ಲಿರುವ ‘ಆರ್’ಗಳಲ್ಲಿ ಎಷ್ಟು ನಿಜವಾದ ಬೇಡ, ಎಷ್ಟು ಮರ್ಯಾದೆಯ ಬೇಡ? ಡಾಕ್ಟರು ಅದನ್ನೇ ನೋಡಿ ಹಸಿವಿನ ಮಾತ್ರೆ ಬರೆದುಕೊಟ್ಟಿದ್ದಾರೆ.

*

ಪಕ್ಕದ ಟೇಬಲಿನಲ್ಲಿ ಇದರ ಉಲ್ಟಾ. ಅಲ್ಲಿರುವ ಹೆಂಗಸಿಗೆ ಮಾತು ನಿಂತು ಹೋಗಿದೆ. ಚಮಚ ಬಂದರೆ ತುಟಿ ಬಿಗಿಯುತ್ತಾರೆ, ಮುಖ ಗೋಡೆಯ ಕಡೆ ತಿರುಗಿಸುತ್ತಾರೆ. ಅದೇ ಆಯಾ ಅವರಿಗೆ ನಾಲ್ಕು ಸಲ, ಐದು ಸಲ “ಒಂದೇ ಒಂದು ತುತ್ತು” ಅನ್ನುತ್ತಾರೆ, ಗಲ್ಲ ಹಿಡಿದು ಚಮಚ ಒಳಗೆ ತೂರಿಸುತ್ತಾರೆ. “ಒಂದೇ ಒಂದು” ಅನ್ನುವ ಮಾತು ಮದುವೆ ಮನೆಯಲ್ಲಿ ಉಪಚಾರ. ಇಲ್ಲಿ ಏನು? ಆಯಾರ ಮುಖದಲ್ಲಿ ಸಿಟ್ಟಿಲ್ಲ, ಅಕ್ಕರೆಯೇ ಇದೆ. ಬಲವಂತ ಮಾಡದಿದ್ದರೆ ಅದು ಆತಿಥ್ಯವೇ ಅಲ್ಲ ಅನ್ನುವ ನಾಡಿನವರು ನಾವು.

ಬ್ರಿಟನ್ನಿನ ನರ್ಸಿಂಗ್ ಸಂಶೋಧಕ ರೋಜರ್ ವಾಟ್ಸನ್ ಅವರು 1990ರ ದಶಕದಲ್ಲಿ ಮರೆವಿನ ಕಾಯಿಲೆಯವರ ಊಟದ ತೊಂದರೆ ಅಳೆಯಲು ಎಡ್‌ಫೆಡ್ ಅನ್ನುವ ಮಾಪಕ ಮಾಡಿದರು. ಮುಖ ತಿರುಗಿಸುತ್ತಾರೆಯೇ, ಬಾಯಿ ತೆರೆಯಲು ಒಪ್ಪುವುದಿಲ್ಲವೇ, ಉಗುಳುತ್ತಾರೆಯೇ, ಬಾಯಿ ತೆರೆದೇ ಇಟ್ಟು ಅನ್ನ ಬೀಳಲು ಬಿಡುತ್ತಾರೆಯೇ, ನುಂಗದೆ ಇಟ್ಟುಕೊಳ್ಳುತ್ತಾರೆಯೇ, ಹೀಗೆ ಸಾಲಾಗಿ ಬರೆದಿದೆ. ಗೋಡೆ ಕಡೆ ತಿರುಗುವ ಹೆಂಗಸು ಅದರಲ್ಲಿ ಸಿಗುತ್ತಾರೆ. ತಟ್ಟೆಗೆ ಅಂಗೈ ಅಡ್ಡ ಹಿಡಿಯುವ ದೊಡ್ಡಮ್ಮ ಸಿಗುವುದಿಲ್ಲ.

*

ಟಿವಿ. ಊಟದ ಹೊತ್ತಿಗೆ ಸರಿಯಾಗಿ ಯಾರದೋ ಮನೆ ಒಡೆಯುವ ಧಾರಾವಾಹಿ. ಅದರ ಸದ್ದನ್ನು ಮೀರಿಸಲು ಆಯಾಗಳು ಕೂಗುತ್ತಾರೆ. ಕಿವಿ ಕೇಳದವರು ಅವರ ಮುಖ ನೋಡಿ ಬೈಯುತ್ತಿದ್ದಾರೆ ಅಂದುಕೊಳ್ಳುತ್ತಾರೆ. ರಿಮೋಟು ಆಫೀಸಿನ ಮೇಜಿನ ಡ್ರಾಯರಿನಲ್ಲಿ.

*

ಜಾರ್ಖಂಡಿನಿಂದ ಹೊಸದಾಗಿ ಬಂದ ಹುಡುಗಿ. ಮೈಸೂರಿನ ಹೊರಗೆ ರಿಂಗ್ ರೋಡು ದಾಟಿ ಇರುವ ಈ ಮನೆಗೆ ಸೇರಿ ಇನ್ನೂ ತಿಂಗಳಾಗಿಲ್ಲ. ಅವಳು ಕಲಿತಿರುವ ಕನ್ನಡ: ಬಾಯಿ ತೆಗಿ, ನುಂಗು, ಕೈ ಬಿಡು, ಸಾಕಾ, ನೀರು. ಎಲ್ಲವೂ ಹಿಂದಿನವರು ಆಡಿದ್ದನ್ನು ಕೇಳಿ ಕಲಿತದ್ದು. ಅವಳ ಊರಿನಲ್ಲಿ ಅಜ್ಜಿಯನ್ನು ಹೇಗೆ ಮಾತಾಡಿಸುತ್ತಾಳೋ ಅಷ್ಟೇ ಮೆತ್ತಗಿನ ದನಿಯಲ್ಲಿ “ಬಾಯಿ ತೆಗಿ” ಅನ್ನುತ್ತಾಳೆ. ಹೈಸ್ಕೂಲಿನಲ್ಲಿ ಹೆಡ್‌ಮಿಸ್ ಆಗಿದ್ದವರೊಬ್ಬರು ಇಲ್ಲಿದ್ದಾರೆ. ಅವರು ಬಾಯಿ ತೆರೆದರು, ತುತ್ತಿಗಲ್ಲ: “ಯಾರೇ ನೀನು? ಯಾವ ಸೆಕ್ಷನ್ನು?”

ಹುಡುಗಿ ನಕ್ಕಳು, ಅವಳಿಗೆ ಅರ್ಥವಾಗಲಿಲ್ಲ. ನಾನು “ತೆಗೀರಿ ಅನ್ನು” ಅಂತ ಹೇಳಿಕೊಟ್ಟೆ. ಮರುದಿನದಿಂದ ಎಲ್ಲರಿಗೂ “ತೆಗೀರಿ” ಅನ್ನುತ್ತಿದ್ದಾಳೆ, ಬಾಗಿಲು ತೆಗೆಯಬೇಕಾದ ವಾಚ್‌ಮನ್‌ಗೂ.

ಅಮೆರಿಕದಲ್ಲಿ 2003ರಿಂದ ಊಟ ಮಾಡಿಸುವುದಕ್ಕೆಂದೇ ಸಹಾಯಕರನ್ನು ಇಟ್ಟುಕೊಳ್ಳಬಹುದು ಅಂತ ನಿಯಮವಿದೆ, ಅವರಿಗೆ ಕಡಿಮೆಯೆಂದರೆ 8 ಗಂಟೆಯ ತರಬೇತಿ ಆಗಿರಬೇಕು. 8 ಗಂಟೆ ಸಾಲದು ಅಂತ ಅಲ್ಲಿ ಜಗಳವೂ ಆಗಿದೆ. ಈ ಹುಡುಗಿಗೆ ಸಿಕ್ಕ ತರಬೇತಿ ಒಂದು ಊಟದ ಹೊತ್ತು ಇನ್ನೊಬ್ಬಳ ಹಿಂದೆ ನಿಂತಿದ್ದು. 2023ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇಕಡಾ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ, ಡಿಮೆನ್ಷಿಯಾ. ಅವರ ಬಾಯಿಗೆ ತುತ್ತು ಇಡುವವರು ಯಾರು, ಎಲ್ಲಿ ಕಲಿತವರು?

*

“ಇವತ್ತು ಆರು ಫೀಡಿಂಗ್ ಇದೆ ಸಿಸ್ಟರ್.” ಆರು ಜನ ಅಂತ ಅರ್ಥ.

ಅಮೆರಿಕದ ಕೇಂದ್ರ ಸರ್ಕಾರದ ತಪಾಸಕರು ಅಲ್ಲಿನ ನರ್ಸಿಂಗ್ ಹೋಮುಗಳಿಗೆ ಹೋಗುವಾಗ ಕೈಯಲ್ಲಿ ಹಿಡಿದಿರುವ ದಪ್ಪ ಕೈಪಿಡಿಯಲ್ಲಿ ಊಟದ ಘನತೆಗೆ ಒಂದು ಭಾಗವಿದೆ. ಮಂದಿಯನ್ನು ‘ಫೀಡರ್’ ಅಂತ ಕರೆಯಬೇಡಿ. ಎದುರಿಗೆ ನಿಂತುಕೊಂಡು ತಿನ್ನಿಸಬೇಡಿ. ಅವರಾಗಿ ಕೇಳದೆ ಎದೆಗೆ ಬಿಬ್ ಕಟ್ಟಬೇಡಿ. ದಿನಾ ಬಿಸಾಡುವ ತಟ್ಟೆ ಲೋಟ ಬೇಡ. ಊಟ ಮಾಡಿಸುವಾಗ ಕೆಲಸದವರು ತಮ್ಮತಮ್ಮಲ್ಲೇ ಹರಟಬೇಡಿ. ಓದಿದಾಗ ನಗು ಬಂತು. ಇದನ್ನೂ ಸರ್ಕಾರ ಬರೆದು ಹೇಳಬೇಕೆ ಅಂತ. ತಲೆ ಎತ್ತಿ ಹಾಲ್ ನೋಡಿದೆ. ಐದಕ್ಕೆ ಐದೂ ನನ್ನ ಕಣ್ಣೆದುರಿಗೇ ನಡೆಯುತ್ತಿತ್ತು.

ನಿಂತು ತಿನ್ನಿಸಿದರೆ ಏನಾಗುತ್ತದೆ ಅಂತ ಕುರ್ಚಿಯಲ್ಲಿ ಕೂತು, ಒಬ್ಬ ಆಯಾಗೆ ನನಗೂ ಒಂದು ಚಮಚ ಕೊಡಿ ಅಂದೆ. ಚಮಚ ಮೇಲಿಂದ ಬಂತು, ನಾನು ಗದ್ದ ಎತ್ತಿದೆ, ಕತ್ತು ಹಿಂದಕ್ಕೆ ಹೋಯಿತು. ನುಂಗುವ ತೊಂದರೆ ಇರುವವರಿಗೆ ಕತ್ತು ಹಿಂದಕ್ಕೆ ಹೋಗಬಾರದು, ಅನ್ನ ಶ್ವಾಸನಾಳಕ್ಕೆ ಇಳಿಯಬಹುದು ಅಂತ ಇದೇ ಹಾಲಿನ ಗೋಡೆಯ ಮೇಲೆ ಚೀಟಿ ಅಂಟಿಸಿದ್ದಾರೆ. ಹಾಗಾದರೆ ಕುರ್ಚಿ ಎಳೆದುಕೊಂಡು ಕೂರುವುದು ಬರೀ ಮರ್ಯಾದೆಯ ವಿಷಯವಲ್ಲ. ಕುರ್ಚಿಗಳೇನೋ ಇವೆ, ಒಂದರ ಮೇಲೊಂದು ಪೇರಿಸಿ ಮೂಲೆಯಲ್ಲಿ. ಅವು ಭೇಟಿಗೆ ಬಂದವರಿಗೆ.

*

ಸಂಸ್ಕೃತ ಮೇಷ್ಟ್ರು. ಅವರ ಬಗ್ಗೆ ಸಿಸ್ಟರ್ ಹೇಳಿದ್ದು: “ಅಜ್ಜ ಊಟದಲ್ಲಿ ಆಟ ಆಡ್ತಾರೆ. ನೀರು ಚೆಲ್ತಾರೆ, ಅನ್ನ ಟೇಬಲ್ ಮೇಲೆ ಹಾಕ್ತಾರೆ.” ಅದಕ್ಕೇ ಅವರ ಮುಂದೆ ಲೋಟ ಇಡುವುದಿಲ್ಲ, ಊಟ ಮುಗಿದ ಮೇಲೆ ಆಯಾ ಕುಡಿಸುತ್ತಾರೆ. ಆದರೆ ಲೋಟ ತೆಗೆದ ಮೇಲೆ ಮೇಷ್ಟ್ರು ಊಟವನ್ನೇ ಬಿಟ್ಟಿದ್ದಾರೆ. ಅವರ ಹಾಳೆಯಲ್ಲೂ ಸಾಲಾಗಿ ‘ಆರ್’.

ನೋಡಿದೆ. ತಟ್ಟೆ ಬಂತು. ಮೇಷ್ಟ್ರು ಬಲಗೈಯನ್ನು ಬಟ್ಟಲಿನ ಹಾಗೆ ಮಾಡಿ ತಟ್ಟೆಯ ಪಕ್ಕ ಹಿಡಿದರು. ಹಾಗೇ ಹಿಡಿದುಕೊಂಡು ಕೂತರು. ಕೈ ನಡುಗುತ್ತಿತ್ತು, ಇಳಿಸಲಿಲ್ಲ. ಹುಡುಗಿ ಬಂದು ಆ ಕೈಯನ್ನು ಮಡಿಲಿಗೆ ಇಳಿಸಿ ಚಮಚ ತೋರಿಸಿದಳು. ಕೈ ಮತ್ತೆ ಮೇಲೆ ಬಂತು. ಇಳಿಸಿದಳು. ಬಂತು.

ನಂಜನಗೂಡಿನ ಕಡೆಯ ಆಯಾ ಒಬ್ಬರು ಸಾರಿನ ಬಕೆಟ್ಟು ಹಿಡಿದು ಹೋಗುತ್ತಿದ್ದವರು ನಿಂತರು. “ಅಯ್ಯೋ, ಅವರಿಗೆ ನೀರು ಬೇಕು ಕಣಮ್ಮ, ಸುತ್ತು ಕಟ್ಟೋಕೆ. ನಾನು ಹಿಂದೆ ಕೆಲಸಕ್ಕಿದ್ದ ಮನೆ ಯಜಮಾನ್ರೂ ಹಿಂಗೇ ಮಾಡೋರು” ಅಂದು ಚಮಚದಲ್ಲಿ ಒಂದಿಷ್ಟು ನೀರು ಆ ಅಂಗೈಗೆ ಬಿಟ್ಟರು. ಮೇಷ್ಟ್ರ ಕೈ ತಟ್ಟೆಯ ಸುತ್ತ ಒಂದು ಸಲ ತಿರುಗಿತು. ಆಮೇಲೆ ಅನ್ನದಿಂದ ಚೂರು ಚೂರು ಎತ್ತಿ ಬಲಗಡೆ ಟೇಬಲಿನ ಮೇಲೆ ಸಾಲಾಗಿ ಇಟ್ಟರು. ಮತ್ತೆ ಕೈ ಚಾಚಿದರು, ಆಯಾ ಇನ್ನೊಂದು ಚಮಚ ನೀರು ಬಿಟ್ಟರು, ಕುಡಿದರು. ಇಷ್ಟಾದ ಮೇಲೆ ತಾವೇ ಕಲಸಿಕೊಂಡು, ಗಡಿಬಿಡಿ ಇಲ್ಲದೆ, ಅರ್ಧ ತಟ್ಟೆಗೂ ಹೆಚ್ಚು ಉಂಡರು. ಯಾವ ಊರು, ಯಾವ ವರ್ಷ ಅಂತ ಕೇಳಿದರೆ ಹೇಳಲಾರದ ಮನುಷ್ಯ. ಪರಿಷೇಚನೆ, ಚಿತ್ರಾಹುತಿ, ಆಪೋಶನ ಮೂರೂ ಕೈಯಲ್ಲಿ ಉಳಿದಿವೆ. ಮಾಡಿ ಮಾಡಿ ಕೈಗೆ ಕೂತ ಕ್ರಮಗಳು ಹೆಸರು, ಇಸವಿಗಳಿಗಿಂತ ಎಷ್ಟೋ ಕಾಲ ಹೆಚ್ಚು ಬಾಳುತ್ತವೆ ಅಂತ ಮರೆವಿನ ಕಾಯಿಲೆಯ ವೈದ್ಯರು ಹೇಳುತ್ತಾರೆ.

ಸೇರಿಸಿಕೊಳ್ಳುವಾಗ ತುಂಬಿಸುವ ಅರ್ಜಿಯನ್ನು ಕೇಳಿ ಪಡೆದು ನೋಡಿದೆ. ಬಿಪಿ, ಶುಗರ್, ಅಲರ್ಜಿ, ವೆಜ್ ಅಥವಾ ನಾನ್‌ವೆಜ್. ಊಟಕ್ಕೆ ಮುಂಚೆ ಏನು ಮಾಡುತ್ತೀರಿ ಅನ್ನುವ ಪ್ರಶ್ನೆ ಇಲ್ಲ. ವಿಭೂತಿ ಹಚ್ಚದೆ ತುತ್ತು ಎತ್ತದ ಶರಣಮ್ಮಂದಿರು, ಹಣೆಗೂ ಎದೆಗೂ ಕೈ ಮುಟ್ಟಿಸಿ ಶಿಲುಬೆ ಬರೆದುಕೊಳ್ಳುವವರು, ಬಿಸ್ಮಿಲ್ಲಾ ಅನ್ನುವವರು, ಏಕಾದಶಿಗೆ ಒಪ್ಪೊತ್ತು ಇರುವವರು, ಎಲ್ಲರೂ ಇದೇ ಹಾಲಿನಲ್ಲಿ ಇದ್ದಾರೆ. ಆಟ ಆಡುವವರ ಪಟ್ಟಿಯಲ್ಲಿ ಇನ್ನೂ ಯಾರ್ಯಾರು ಸೇರಿದ್ದಾರೋ.

*

ಮೊಸರನ್ನ, ಬಿಳಿ ತಟ್ಟೆಯಲ್ಲಿ. ಕೆಳಗೆ ಬಿಳಿ ಟೇಬಲ್. ದೊಡ್ಡಮ್ಮ ತಟ್ಟೆಯ ಅಂಚನ್ನು ತಡವುತ್ತಿದ್ದಾರೆ.

ಬಾಸ್ಟನ್‌ನಲ್ಲಿ ಆಲಿಸ್ ಕ್ರೋನಿನ್-ಗೋಲಂಬ್ ಮತ್ತು ಸಂಗಡಿಗರು ಆಲ್ಝೈಮರ್ಸ್ ಮುಂದುವರಿದ ಒಂಬತ್ತು ಗಂಡಸರಿಗೆ ಬಿಳಿ ತಟ್ಟೆ ಲೋಟ ತೆಗೆದು ಕಡುಗೆಂಪಿನವು ಕೊಟ್ಟು ನೋಡಿದರು, 2004ರಲ್ಲಿ ಪ್ರಕಟವಾಯಿತು. ತಿಂದದ್ದು ಶೇಕಡಾ 25ರಷ್ಟು ಹೆಚ್ಚಿತು, ಕುಡಿದದ್ದು 84ರಷ್ಟು. ಒಂಬತ್ತೇ ಜನ, ಅದನ್ನು ಮರೆಯಬಾರದು. ಆದರೂ, ಬಿಳಿ ಅನ್ನ ಉಣ್ಣುವ ನಾವು ಅದನ್ನು ಹಸಿರು ಎಲೆಯ ಮೇಲೆ ಬಡಿಸಿಕೊಂಡು ಬಂದವರು. ಕಣ್ಣು ಮಂಜಾದವರಿಗೂ ಎಲೆಯ ಮೇಲಿನ ಅನ್ನ ಎಲ್ಲಿದೆ ಅಂತ ಗೊತ್ತಾಗುತ್ತದೆ. ದೇವರಾಜ ಮಾರ್ಕೆಟ್ಟಿನಿಂದ ಒಂದು ಕಟ್ಟು ಎಲೆ ತಂದುಕೊಡಲೇ ಅಂತ ಅಡುಗೆಯವರನ್ನು ಕೇಳಿದೆ. ಎಲೆಯಲ್ಲಿ ಸಾರು ಹರಿದರೆ ಒರೆಸುವವರು ಯಾರು ಅಂದರು. ಅದೂ ಸರಿ.

*

ಬೀರುಗಳಲ್ಲಿ ಇರುವುದು: ಹಲ್ಲಿನ ಸೆಟ್ಟು, ಕಿವಿಯ ಮಿಷನ್ನು, ಕನ್ನಡಕ. ಕಳೆದು ಹೋಗಬಾರದು ಅಂತ ಭದ್ರವಾಗಿ ಹೆಸರು ಬರೆದು ಇಟ್ಟಿದ್ದಾರೆ. ಊಟಕ್ಕೆ ಬಂದಿರುವುದು: ಹಲ್ಲಿಲ್ಲದ, ಕಿವಿ ಕೇಳದ, ಕಣ್ಣು ಕಾಣದ ಜನ.

*

ಫೋಟೋ. ಮಧ್ಯಾಹ್ನ ಒಂದು ಗಂಟೆಗೆ ಎಲ್ಲ ಮನೆಯವರಿಗೂ ವಾಟ್ಸಾಪಿನಲ್ಲಿ ಹೋಗುತ್ತದೆ. ತುಂಬಿದ ತಟ್ಟೆ, ಹಿಂದೆ ಮುಖ, ಸಾಧ್ಯವಾದರೆ ನಗು. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಕಸಿನ್‌ಗೆ ಅದು ಮಲಗುವ ಹೊತ್ತು. “ಅಮ್ಮನ ಊಟ ಆಯ್ತು” ಅಂದುಕೊಂಡು ಮಲಗುತ್ತಾಳೆ. ಫೋಟೋ ತೆಗೆಯುವುದು ಊಟಕ್ಕೆ ಮುಂಚೆ. ಮೇಷ್ಟ್ರ ಮಗನಿಗೂ ಇಷ್ಟು ದಿನ ತುಂಬಿದ ತಟ್ಟೆಯೇ ಹೋಗುತ್ತಿತ್ತು.

*

“ನಿಂದಾಯ್ತಾ?” ಹಾಸನದ ಅಜ್ಜಿ ಕೇಳುವ ಒಂದೇ ಪ್ರಶ್ನೆ. ತಟ್ಟೆ ಎದುರಿಗಿಟ್ಟ ಹುಡುಗಿಗೆ ಕೇಳುತ್ತಾರೆ, ಪಕ್ಕದಲ್ಲಿ ಹೋಗುವ ಸಿಸ್ಟರಿಗೆ ಕೇಳುತ್ತಾರೆ, ನನಗೂ ಕೇಳುತ್ತಾರೆ. “ಆಮೇಲೆ ಅಜ್ಜಿ, ನೀವು ಮೊದಲು ಮಾಡಿ” ಅಂದರೆ ತಟ್ಟೆಯನ್ನು ಮೆಲ್ಲಗೆ ಹಾಗೆಂದವಳ ಕಡೆಗೆ ತಳ್ಳುತ್ತಾರೆ. ಎಷ್ಟು ಸಲ ಹಿಂದಕ್ಕೆ ಸರಿಸಿದರೂ ಅಷ್ಟು ಸಲ ತಳ್ಳುತ್ತಾರೆ. ಹನ್ನೆರಡು ಹದಿನಾಲ್ಕು ಜನರ ಸಂಸಾರದಲ್ಲಿ ಎಲ್ಲರಿಗೂ ಬಡಿಸಿ, ಪಾತ್ರೆಯಲ್ಲಿ ಉಳಿದದ್ದನ್ನು ಕೊನೆಗೆ ಉಂಡವರು. ಮನೆಯಲ್ಲಿ ಹಸಿದವರಿದ್ದಾಗ ತಾನು ಉಣ್ಣುವುದು ಹೇಗೆ ಅಂತ ಅವರಿಗೆ ಇನ್ನೂ ಗೊತ್ತಿಲ್ಲ. ಆ ಕ್ರಮ ಒಳ್ಳೆಯದಾಗಿತ್ತು ಅಂತ ನಾನು ಹೇಳುತ್ತಿಲ್ಲ. ನಮ್ಮಜ್ಜಿಯಂಥವರು ತಣ್ಣಗಾದ ತಳದ ಅನ್ನ ತಿಂದೇ ಸವೆದರು. ಆದರೆ ಎಂಬತ್ತರ ಮೇಲೆ ಅದನ್ನು ಬಿಡಿಸಲು ಹೊರಟರೆ ಸೋಲುವುದು ನಾವೇ.

ಇಲ್ಲಿನ ನಿಯಮ: ಕೆಲಸದವರು ಹಿರಿಯರ ಜೊತೆ ಉಣ್ಣುವಂತಿಲ್ಲ. ಅವರ ಊಟ ಎರಡೂವರೆಗೆ, ಹಿತ್ತಲಿನಲ್ಲಿ. ಯಾಕೆ ಅಂದರೆ ಶುಚಿತ್ವ ಅಂದರು. ಇನ್ನೊಮ್ಮೆ ಕೇಳಿದರೆ ಟೈಮಿಲ್ಲ ಅಂದರು.

ಒಂದು ಭಾನುವಾರ ಮ್ಯಾನೇಜರ್ ಇರಲಿಲ್ಲ. ಜಾರ್ಖಂಡಿನ ಹುಡುಗಿಗೆ ಹಸಿವಾಗಿತ್ತೋ ಬೇಜಾರಾಗಿತ್ತೋ, ತನ್ನ ತಟ್ಟೆ ತಂದು ಹಾಸನದ ಅಜ್ಜಿಯ ಎದುರಿಗೆ ಕೂತಳು. ಅಜ್ಜಿ ಅವಳ ತಟ್ಟೆ ನೋಡಿದರು. “ಇಷ್ಟೇ ಹಾಕ್ಕೊಂಡಿದೀಯ? ಏ, ಇವಳಿಗೆ ಪಲ್ಯ ಹಾಕ್ರೇ.” ಹುಡುಗಿ ಬೇಡ ಬೇಡ ಅಂತ ಕೈ ಆಡಿಸಿದಳು. “ಸುಮ್ನಿರು, ವಯಸ್ಸಿಗೆ ಬಂದ ಹುಡುಗಿ.” ಪಲ್ಯ ಬಿತ್ತು. ಹುಡುಗಿ ಮೊದಲ ತುತ್ತು ಬಾಯಿಗಿಟ್ಟ ಮೇಲೆ ಅಜ್ಜಿಯ ಕೈ ತಮ್ಮ ತಟ್ಟೆಗೆ ಇಳಿಯಿತು. ಸಾರನ್ನ ಮುಗಿಸಿ ಮಜ್ಜಿಗೆ ಅನ್ನಕ್ಕೂ ಹಾಕಿಸಿಕೊಂಡರು. ನಡುನಡುವೆ ಅವಳಿಗೆ ಉಪಚಾರ ನಡೆದೇ ಇತ್ತು. ಒಬ್ಬರ ಹಾಸನ ಕನ್ನಡ ಇನ್ನೊಬ್ಬಳಿಗೆ ಗೊತ್ತಿಲ್ಲ, ಅವಳ ಹಿಂದಿ ಇವರಿಗೆ ಬೇಕಾಗಿಲ್ಲ.

ಹಾಲೆಂಡಿನ ಐದು ನರ್ಸಿಂಗ್ ಹೋಮುಗಳಲ್ಲಿ 178 ಮಂದಿಯನ್ನು ಇಟ್ಟುಕೊಂಡು ಆರು ತಿಂಗಳು ಒಂದು ಪ್ರಯೋಗ ನಡೆದಿತ್ತು. 2006ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದಿದೆ. ಕೆಲವು ವಾರ್ಡುಗಳಲ್ಲಿ ಎಂದಿನಂತೆ ತುಂಬಿಸಿದ ಟ್ರೇ. ಉಳಿದ ವಾರ್ಡುಗಳಲ್ಲಿ ಟೇಬಲಿಗೆ ಬಟ್ಟೆ, ಗಾಜಿನ ಲೋಟ, ಪಾತ್ರೆಗಳು ಟೇಬಲಿನ ಮೇಲೇ, ಬೇಕಾದಷ್ಟು ಹಾಕಿಕೊಳ್ಳುವುದು. ನರ್ಸುಗಳು ಜೊತೆಯಲ್ಲಿ ಕೂತು ಮಾತಾಡುವುದು. ಊಟದ ನಡುವೆ ಮಾತ್ರೆ ಇಲ್ಲ, ಹೊರಗಿನವರ ಓಡಾಟ ಇಲ್ಲ. ಟ್ರೇ ವಾರ್ಡಿನವರ ತೂಕ ಇಳಿಯಿತು, ಕೈ ಬೆರಳ ಚುರುಕೂ ಇಳಿಯಿತು. ಮನೆಯಂತೆ ಉಂಡವರದು ಹಾಗೆ ಇಳಿಯಲಿಲ್ಲ. ಹಾಸನದ ಅಜ್ಜಿಯ ಟೇಬಲಿನಲ್ಲಿ ಆ ಭಾನುವಾರ ನಡೆದದ್ದು ಇದೇ ಅಲ್ಲವೇ? ಮ್ಯಾನೇಜರಿಗೆ ಹೇಳೋಣ ಅಂದರೆ ಹುಡುಗಿಯ ಕೆಲಸಕ್ಕೆ ಕುತ್ತು.

*

ಬಾಳೆಹಣ್ಣಿನ ಒಳಗೆ ಮಾತ್ರೆ. ಒಬ್ಬರಿಗೆ ಕಹಿ ಸಿಕ್ಕಿತು. ಅಂದಿನಿಂದ ಬಾಳೆಹಣ್ಣು, ಪಾಯಸ, ಕೊನೆಗೆ ಮೊಸರು, ಯಾವುದನ್ನೂ ನಂಬುತ್ತಿಲ್ಲ. ಹಾಳೆಯಲ್ಲಿ “ಅನುಮಾನ ಪ್ರವೃತ್ತಿ” ಅಂತ ಬರೆದಿದ್ದಾರೆ.

*

ಮಿಕ್ಸಿ. ಹನ್ನೊಂದೂವರೆಗೆ ಶುರುವಾಗುತ್ತದೆ. ಅನ್ನ, ಹುಳಿ, ಬೀನ್ಸ್ ಪಲ್ಯ, ಮೊಸರು ಎಲ್ಲ ಒಂದೇ ಜಾರಿಗೆ. ಬಂದದ್ದು ಬೂದುಹಳದಿ ಬಣ್ಣದ ಏನೋ ಒಂದು. “ಇದೇನು?” ಅಂತ ಒಬ್ಬ ಅಜ್ಜ ಕೇಳಿದರು. “ಊಟ” ಅಂದಳು ಹುಡುಗಿ. ನಾನೂ ಅದನ್ನೇ ಕೇಳುವವಳಿದ್ದೆ.

ಅರೆಯುವುದು ತಪ್ಪಲ್ಲ, ಕೆಲವರಿಗೆ ಬೇಕೇ ಬೇಕು. ಈಚೆಗೆ ವಾರಕ್ಕೊಮ್ಮೆ ಬರುವ ಸ್ಪೀಚ್ ಥೆರಪಿಸ್ಟ್ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವರು. ಮಾತಿನ ಡಾಕ್ಟರಿಗೆ ಊಟದ ಮನೆಯಲ್ಲಿ ಏನು ಕೆಲಸ ಅಂತ ನನಗೆ ಗೊಂದಲ. ಮಾತಾಡುವ ನಾಲಿಗೆ, ತುಟಿ, ಗಂಟಲೇ ನುಂಗುವುದನ್ನೂ ಮಾಡಬೇಕು, ಅದಕ್ಕೇ ಎರಡೂ ನಮ್ಮ ಪಾಲಿಗೆ ಬಂದಿದೆ ಅಂದರು. ನುಂಗುವುದು ಕಷ್ಟವಾದವರಿಗೆ ಗಟ್ಟಿಗಿಂತ ನೀರೇ ಹೆಚ್ಚು ಅಪಾಯವಂತೆ. ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುವ ಮುಂಚೆಯೇ ಜಾರಿಬಿಡುತ್ತದೆ. ಕೆಮ್ಮು ಬಂದಾಗ “ನೀರು ಕುಡಿ, ನೀರು ಕುಡಿ” ಅನ್ನುವ ನಮ್ಮ ಅಭ್ಯಾಸ ನೆನೆದು ಗಾಬರಿಯಾಯಿತು. ಇಡ್ಸಿ ಅಂತ 2013ರಲ್ಲಿ ಶುರುವಾದ ಒಂದು ಅಂತರರಾಷ್ಟ್ರೀಯ ಕ್ರಮವಿದೆ: ಸೊನ್ನೆಯಿಂದ ಏಳರವರೆಗೆ ಮಟ್ಟಗಳು. ಸೊನ್ನೆ ಬರೀ ನೀರು. ನಾಲ್ಕು ನುಣ್ಣಗೆ ಅರೆದದ್ದು: ಚಮಚದಲ್ಲಿ ಮುದ್ದೆಯಾಗಿ ನಿಲ್ಲಬೇಕು, ವಾಲಿಸಿದರೆ ಅಂಟದೆ ಬೀಳಬೇಕು. ಐದರಲ್ಲಿ ದೊಡ್ಡವರಿಗೆ ಚೂರುಗಳು 4 ಮಿಲಿಮೀಟರ್ ಮೀರಬಾರದು, ಆರರಲ್ಲಿ ಒಂದೂವರೆ ಸೆಂಟಿಮೀಟರ್.

ಎಲ್ಲವನ್ನೂ ಒಟ್ಟಿಗೆ ಅರೆಯಿರಿ ಅಂತ ಆ ಮಟ್ಟಗಳಲ್ಲಿ ಎಲ್ಲೂ ಇಲ್ಲ. ಹುಳಿ ಬೇರೆ, ಪಲ್ಯ ಬೇರೆ, ಮೊಸರನ್ನ ಬೇರೆ ಅರೆದರೆ ಉಣ್ಣುವವರಿಗೆ ಏನು ಉಣ್ಣುತ್ತಿದ್ದೇನೆ ಅಂತಾದರೂ ತಿಳಿಯುತ್ತದೆ. ಜಾರು ಮೂರು ಸಲ ತೊಳೆಯಬೇಕು, ಅಷ್ಟೇ. ಇನ್ನೊಂದು ಒಗಟು: ಹೀಗೆ ಅರೆದದ್ದು ತಿನ್ನುವ ಹನ್ನೊಂದು ಜನರಲ್ಲಿ ನುಂಗುವ ತೊಂದರೆ ಇದೆ ಅಂತ ಥೆರಪಿಸ್ಟ್ ಬರೆದಿರುವುದು ನಾಲ್ವರಿಗೆ. ಉಳಿದವರು? “ಬೇಗ ಮುಗಿಯುತ್ತೆ ಮೇಡಂ.”

ಆ ಏಳು ಜನರಲ್ಲಿ ಮಂಡ್ಯದ ಗೌಡರೊಬ್ಬರು. ದಿನಾ ಬೆಳಿಗ್ಗೆ ಹೊತ್ತು ಮುದ್ದೆ ಮುರಿದವರು. ಇಲ್ಲಿ ಮುದ್ದೆ ಮಾಡುವುದಿಲ್ಲ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಅಂತ ಹೆದರಿಕೆ. ಹೆದರಿಕೆ ಸುಳ್ಳೂ ಅಲ್ಲ. ಅಂಟು ಪದಾರ್ಥ ಅಪಾಯವೇ. ಆದರೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಹಲ್ಲು ಬೇಡದ ಊಟ ಅದು. ಅಗಿಯದೆ ನುಂಗುವುದನ್ನೇ ಹುಟ್ಟಾ ಅಭ್ಯಾಸ ಮಾಡಿದ ಗಂಟಲನ್ನು ಯಾವ ಮಟ್ಟದಲ್ಲಿ ಇಡಬೇಕು? ಥೆರಪಿಸ್ಟ್ ಬಹಳ ಹೊತ್ತು ಯೋಚಿಸಿ, “ನನ್ನ ಪುಸ್ತಕದಲ್ಲಿ ಇಲ್ಲ” ಅಂದರು.

*

“ಬಂಗಾರ, ಪುಟ್ಟ, ಆ ಮಾಡು... ಗುಡ್ ಬಾಯ್.” ಹೈಕೋರ್ಟಿನಲ್ಲಿ ವಾದ ಮಾಡಿದ ಮನುಷ್ಯನಿಗೆ. ಅವರು ಚಮಚ ಕಿತ್ತು ಎಸೆದರು.

ಕ್ರಿಸ್ಟೀನ್ ವಿಲಿಯಮ್ಸ್ ಅನ್ನುವ ಅಮೆರಿಕದ ನರ್ಸಿಂಗ್ ಸಂಶೋಧಕಿ ತಂಡದೊಡನೆ ವಿಡಿಯೋಗಳನ್ನು ಕೂತು ನೋಡಿ 2009ರಲ್ಲಿ ಬರೆದದ್ದು: ಮಗುವಿನ ಮಾತು ಆಡಿದಾಗ ಡಿಮೆನ್ಷಿಯಾ ಇರುವವರು ಆರೈಕೆಗೆ ಅಡ್ಡಿ ಮಾಡುವ ಸಂಭವ, ದೊಡ್ಡವರಂತೆ ಮಾತಾಡಿಸಿದಾಗಿನದಕ್ಕಿಂತ ಬಹಳ ಹೆಚ್ಚು. ಸರಿ ಅನ್ನಿಸಿತು. ಆದರೆ ಕಿಟಕಿ ಪಕ್ಕದ ಅಜ್ಜಿ “ಬಂಗಾರ” ಅನ್ನದಿದ್ದರೆ ಬಾಯಿಯೇ ತೆರೆಯುವುದಿಲ್ಲ. ಯಾರು ಯಾರಿಗೆ ಬಂಗಾರ ಅನ್ನಬಹುದು? ಅವರವರನ್ನೇ ಕೇಳಿ ನೋಡಬಹುದಿತ್ತು, ಮಾತು ಇದ್ದ ಕಾಲದಲ್ಲಿ.

*

ಲೆಕ್ಕ. ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಸಾಂಡ್ರಾ ಸಿಮನ್ಸ್ ಮತ್ತವರ ಸಂಗಡಿಗರು ಗಡಿಯಾರ ಹಿಡಿದು ನೋಡಿದ್ದಾರೆ: ಸರಿಯಾಗಿ ಊಟ ಮಾಡಿಸಲು ಒಬ್ಬರಿಗೆ ಒಂದು ಹೊತ್ತಿಗೆ ಸುಮಾರು 40 ನಿಮಿಷ ಬೇಕು, ಮಾಮೂಲಾಗಿ ಸಿಗುತ್ತಿದ್ದದ್ದು ಹತ್ತು ನಿಮಿಷಕ್ಕೂ ಕಡಿಮೆ. ಇಲ್ಲಿ ಆರು ಜನಕ್ಕೆ ಇಬ್ಬರು ಆಯಾಗಳು, ಊಟದ ಹೊತ್ತು ಒಂದು ಗಂಟೆ. ತಲಾ 20 ನಿಮಿಷ, ಯಾರೂ ಕೆಮ್ಮದಿದ್ದರೆ, ಯಾರನ್ನೂ ಬಾತ್‌ರೂಮಿಗೆ ಕರೆದೊಯ್ಯಬೇಕಿಲ್ಲದಿದ್ದರೆ. ಗಲ್ಲ ಹಿಡಿದ ಆ ಆಯಾರನ್ನು ಇನ್ನು ಹೇಗೆ ನೋಡಲಿ?

ಇನ್ನೊಂದು ಲೆಕ್ಕ. ರಾತ್ರಿ ಊಟ ಆರೂವರೆಗೆ, ಬೆಳಿಗ್ಗೆ ತಿಂಡಿ ಎಂಟೂವರೆಗೆ ಮುಂಚೆ ಬರುವುದಿಲ್ಲ. ನಡುವೆ 14 ಗಂಟೆ. ಅಮೆರಿಕದ ನಿಯಮ ಹಾಕಿರುವ ಗೆರೆಯೂ ಅಷ್ಟೇ, 14. ಮಲಗುವ ಮುನ್ನ ಪುಷ್ಟಿಕರ ತಿಂಡಿ ಕೊಟ್ಟು, ಇರುವವರ ಗುಂಪು ಒಪ್ಪಿದರೆ ಮಾತ್ರ 16. ನಮ್ಮ 2007ರ ಹಿರಿಯ ನಾಗರಿಕರ ಕಾಯಿದೆಯಲ್ಲಿ ಪೋಷಣೆ ಅಂದರೆ ಆಹಾರ, ಬಟ್ಟೆ, ವಸತಿ, ಚಿಕಿತ್ಸೆ ಅಂತಿದೆ. ಎಷ್ಟು ಗಂಟೆಗೊಮ್ಮೆ, ಯಾರು ಕೂತು, ಏನು ಮಾತಾಡುತ್ತಾ ಅನ್ನುವುದನ್ನು ಅಲ್ಲಿ ಹುಡುಕುವುದು ಪೆದ್ದುತನವಿರಬಹುದು. ಆರೂವರೆ ಯಾಕೆ ಅಂದರೆ ಅಡುಗೆಯವರ ಕೊನೆಯ ಬಸ್ಸು ಏಳೂಕಾಲಿಗೆ.

*

ಗೋಡೆಯ ಕಡೆ ತಿರುಗುವ ಹೆಂಗಸಿನ ಮಕ್ಕಳು ಬೆಂಗಳೂರಿನಿಂದ ಬಂದಿದ್ದರು. ಮೂಗಿಗೆ ಪೈಪ್ ಹಾಕಿಸೋಣ ಅಂತ ಮಗ, ಬೇಡ ಅಂತ ಮಗಳು. “ಹೊಟ್ಟೆಗೆ ಏನೂ ಹೋಗದೆ ಸಾಯೋಕೆ ಬಿಡೋದಾ?” ಅಂತ ಕಾರಿಡಾರಿನಲ್ಲಿ ಅತ್ತುಕೊಂಡೇ ಕೂಗಿದ. ಅಮೆರಿಕದ ಜೆರಿಯಾಟ್ರಿಕ್ಸ್ ಸೊಸೈಟಿ 2014ರಲ್ಲಿ ಸ್ಪಷ್ಟವಾಗಿ ಹೇಳಿದೆ: ಡಿಮೆನ್ಷಿಯಾ ಬಹಳ ಮುಂದುವರಿದವರಿಗೆ ನಳಿಕೆಯ ಊಟ ಬೇಡ, ಎಚ್ಚರದಿಂದ ಕೈಯಾರೆ ತಿನ್ನಿಸಿ; ಆಯುಸ್ಸಿನಲ್ಲೂ ಶ್ವಾಸಕೋಶದ ಸೋಂಕಿನಲ್ಲೂ ನಳಿಕೆಯಿಂದ ಹೆಚ್ಚಿನ ಲಾಭವೇನೂ ಇಲ್ಲ. ಪೈಪ್ ಹಾಕಿದರೆ ಕಿತ್ತುಕೊಳ್ಳದ ಹಾಗೆ ಕೈ ಕಟ್ಟಬೇಕಾಗುತ್ತದೆ ಅಂತ ಸಿಸ್ಟರ್ ಮಗನಿಗೆ ಹೇಳಿದರು. ಅವನು ಒಳಗೆ ಹೋಗಿ ತಾನೇ ಕೂತು ಗಂಜಿ ಕುಡಿಸಲು ನೋಡಿದ. ತಾಯಿ ಅವನ ಕಡೆಯೂ ತಿರುಗಲಿಲ್ಲ. ಅದು ಎಷ್ಟನೆಯ ಬೇಡ ಅಂತ ಹೇಳಲು ಅಲ್ಲಿ ಯಾರಿಗೂ ಬರುತ್ತಿರಲಿಲ್ಲ. ತೀರ್ಮಾನ ಆಗದೆ ಸಂಜೆ ಹೊರಟರು.

*

ಗೌಡರ ಮುದ್ದೆ. ಥೆರಪಿಸ್ಟ್ ಗುರುವಾರ ಬಂದು ತಾವೇ ಎದುರಿಗೆ ಕೂತು ನೋಡುತ್ತಾರಂತೆ: ಸಣ್ಣದಾಗಿ, ಮೆತ್ತಗೆ ತಿರುವಿದ್ದು, ನೆಲ್ಲಿಕಾಯಿ ಗಾತ್ರದ ತುತ್ತು, ಪ್ರತಿ ತುತ್ತಿಗೂ ಕಾದು. ಈಗಿರುವ ಅಡ್ಡಿ ಗಂಟಲಿನದಲ್ಲ. ಅಡುಗೆಯವರು ಕುಂದಾಪುರದ ಕಡೆಯವರು, ಮುದ್ದೆ ತಿರುವಿ ಗೊತ್ತಿಲ್ಲ, ಮನೆಯಲ್ಲಿ ಹಿಟ್ಟಿನ ದೊಣ್ಣೆಯೂ ಇಲ್ಲ. ನಂಜನಗೂಡಿನ ಆಯಾ ತಾವು ತಿರುವಿಕೊಡುತ್ತೇನೆ, ದೊಣ್ಣೆಯನ್ನೂ ಮನೆಯಿಂದ ತರುತ್ತೇನೆ ಅಂದಿದ್ದಾರೆ. ಮ್ಯಾನೇಜರ್ ಒಂದು ಸಲ ಮಾತ್ರ ಅಂತ ಒಪ್ಪಿದ್ದಾರೆ, ಮಗನಿಂದ ಬರೆಸಿಕೊಂಡು.

ವಿಷಯವನ್ನು ಗೌಡರ ಕಿವಿಗೆ ಹೋಗಿ ಹೇಳಿದೆವು. ಹೊತ್ತು ಹಿಡಿಯಿತು.

“ಏನು ಸಾರು?”

ಬಸ್ಸಾರು ಅಂದರು ಅಡುಗೆಯವರು.

“ಬ್ಯಾಡ.”

“ಯಾಕೆ ಗೌಡ್ರೇ?”

“ಉಪ್ಸಾರು.”

ಅಡುಗೆಯವರು ನನ್ನ ಮುಖ ನೋಡಿದರು. ಇದು ಮೊದಲನೆಯ ಬೇಡವೋ ಮೂರನೆಯದೋ ಅಂತ ಅವರಿಗೆ ಅನುಮಾನ ಬಂದಂತಿತ್ತು. ನನಗೆ ಬರಲಿಲ್ಲ. ಖಾರ ಬೇರೆಯಾಗಿ ಅರೆದು ಇಡಬೇಕು ಅಂತ ಆಯಾ ಆಗಲೇ ಹೇಳಿಕೊಡುತ್ತಿದ್ದರು.